ಕಾಗದ ತುಳಿಯದ ಶಿವಲಿಂಗಪ್ಪ

ಚಿತ್ರಗಳನ್ನು ಕಾಯುತ್ತ ನಿಲ್ಲುವುದೂ ಒಂದು ಕೆಲಸವೇ ಎಂದು ಕೇಳುವವರು ಒಂದು ದಿನ, ಒಂದೇ ಒಂದು ದಿನ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಗೋಡೆಗೆ ಒರಗದೆ ನಿಂತು ನೋಡಬೇಕು. ಮೊದಲ ಗಂಟೆ ಏನೂ ಅನ್ನಿಸುವುದಿಲ್ಲ. ಎರಡನೆಯ ಗಂಟೆಗೆ ಅಂಗಾಲು ತಕರಾರು ತೆಗೆಯುತ್ತದೆ. ಊಟದ ಹೊತ್ತಿಗೆ ಮಂಡಿ, ಮೂರು ಗಂಟೆಗೆ ಸೊಂಟ. ನೋಡಲು ಬಂದವರು ಒಂದೊಂದು ಚಿತ್ರದ ಮುಂದೆ ಅರ್ಧ ನಿಮಿಷ ನಿಂತು 'ಅಬ್ಬಾ, ಕಾಲು ಬಿದ್ದುಹೋಯಿತು' ಎಂದು ಬೆಂಚು ಹುಡುಕುತ್ತಾರೆ. ಶಿವಲಿಂಗಪ್ಪ ಅವರಿಗೆ ಬೆಂಚು ತೋರಿಸುತ್ತ ಆರು ವರ್ಷ ನಿಂತಿದ್ದ.

ಗ್ಯಾಲರಿ ಇದ್ದದ್ದು ಮೆಲ್ಬರ್ನ್ ನಗರದ ನಡುಮಧ್ಯದಲ್ಲಿ, ಅವನ ಮನೆ ಪಶ್ಚಿಮದ ವೆರಿಬೀಯಲ್ಲಿ. ಬೆಳಿಗ್ಗೆ ಟ್ರೇನಿನಲ್ಲಿ ಸೀಟು ಸಿಕ್ಕರೆ ಪುಣ್ಯ, ಸಿಗದಿದ್ದರೆ ನಿಲ್ಲುವ ಕೆಲಸಕ್ಕೆ ನಿಂತುಕೊಂಡೇ ಹೋಗಬೇಕು. ಕರಿ ಪ್ಯಾಂಟು, ಕರಿ ಅಂಗಿ, ಎದೆಯ ಮೇಲೆ ಹೆಸರಿನ ಬಿಲ್ಲೆ. ಬಿಲ್ಲೆಯಲ್ಲಿ 'ಶಿವ' ಎಂದಷ್ಟೇ ಇತ್ತು. ಉಳಿದ ಹೆಸರು ಅದರಲ್ಲಿ ಹಿಡಿಸಲಿಲ್ಲವೋ, ಹಿಡಿಸುವ ಮನಸ್ಸು ಯಾರಿಗೂ ಬರಲಿಲ್ಲವೋ ಗೊತ್ತಿಲ್ಲ. ಆರು ವರ್ಷವೂ ಅವನು ಕ್ಯಾಶುಯಲ್. ಕರೆದ ದಿನ ಓಡಬೇಕು, ಕರೆಯದ ದಿನ ಫೋನಿನ ಪಕ್ಕ ಕೂತಿರಬೇಕು. ವಯಸ್ಸು ಐವತ್ತನಾಲ್ಕಾಗಿತ್ತು.

ಅವನಿಗೆ ಬೇಕಾಗಿದ್ದುದು ಒಂದು ಕುರ್ಚಿ. ಕುರ್ಚಿ ಎಂದರೆ ನಮ್ಮ ಜನ ತಕ್ಷಣ ಬೆಂಗಳೂರಿನ ವಿಧಾನಸೌಧದ ಕಡೆ ನೋಡುತ್ತಾರೆ. ಶಿವಲಿಂಗಪ್ಪನಿಗೆ ಬೇಕಾದದ್ದು ಬರೀ ಕೂರುವ ಕುರ್ಚಿ. ಗ್ಯಾಲರಿಯ ಬಾಗಿಲ ಹತ್ತಿರ ಜನರ ಕೋಟು, ಚೀಲ, ಕೊಡೆಗಳನ್ನು ತೆಗೆದಿಟ್ಟುಕೊಂಡು ಚೀಟಿ ಕೊಡುವ ಒಂದು ಕೌಂಟರ್ ಇತ್ತು. ಅಲ್ಲಿ ಒಬ್ಬ ಇಟಲಿಯ ಮುದುಕ ಹದಿನೆಂಟು ವರ್ಷದಿಂದ ಕೂತಿದ್ದ. ಆ ಡಿಸೆಂಬರ್‌ಗೆ, ಎಂದರೆ ಎರಡು ಸಾವಿರದ ಏಳರ ಡಿಸೆಂಬರ್‌ಗೆ, ಅವನು ರಿಟೈರ್ ಆಗುವವನಿದ್ದ. ಪರ್ಮನೆಂಟ್ ಕೆಲಸ, ಕಾಯಿಲೆ ಬಿದ್ದರೆ ರಜೆ, ಎಲ್ಲಕ್ಕಿಂತ ಮೇಲಾಗಿ ಬೆನ್ನಿಗೆ ಆಸರೆಯಿದ್ದ ಒಂದು ನೀಲಿ ಕುರ್ಚಿ. ಶಿವಲಿಂಗಪ್ಪ ಊಟದ ಬಿಡುವಿನಲ್ಲಿ ಹೋಗಿ ಅದನ್ನು ನೋಡಿ ಬರುತ್ತಿದ್ದ. ಹುಡುಗಿ ನೋಡಲು ಹೋದವರೂ ಅಷ್ಟು ಸಲ ಹೋಗುವುದಿಲ್ಲ. ಸಂದರ್ಶನ ನವೆಂಬರ್ ಕೊನೆಗೆ ಎಂದು ಮೇಲ್ವಿಚಾರಕಿ ಗ್ಲೆನಿಸ್ ಹೇಳಿದ್ದಳು, ನಿನ್ನ ಹೆಸರೂ ಇದೆ ಎಂದಿದ್ದಳು.

ಹುಬ್ಬಳ್ಳಿಯಲ್ಲಿ ಅವನು ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದ. ಅದೇ ಪ್ರೆಸ್ಸಿನಲ್ಲಿ ಅವನಪ್ಪ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ಮದುವೆಯ ಕರೆಯೋಲೆ, ತೀರಿಕೊಂಡವರ ಶಿವಗಣಾರಾಧನೆಯ ಕಾರ್ಡು, ಪರೀಕ್ಷೆಯ ಪ್ರಶ್ನೆಪತ್ರಿಕೆ, ಎಲೆಕ್ಷನ್ ಬಂದರೆ ಕರಪತ್ರ. ಸೀಸದ ಒಂದು ಮೊಳೆ ಕೆಳಗೆ ಬಿದ್ದರೂ ಅಪ್ಪ ಅದನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡೇ ಮತ್ತೆ ಅದರ ಖಾನೆಗೆ ಸೇರಿಸುತ್ತಿದ್ದ. ಒಮ್ಮೆ ಅಪ್ಪನಿಗೆ ಕಂಡರಾಗದ ಒಬ್ಬ ಪುಢಾರಿಯ ಕರಪತ್ರಕ್ಕೆ ಕಾಲು ತಾಗಿತು. ಆಗಲೂ ಅಪ್ಪ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. "ಅಂವಗೂ ನಮಸ್ಕಾರನ?" ಎಂದು ಮಗ ನಕ್ಕ. "ಅಂವಗ ಯಾಂವ ಮಾಡ್ತಾನೋ, ನಾ ಅಕ್ಷರಕ್ಕ ಮಾಡೀನಿ" ಎಂದು ಅಪ್ಪ ಮೊಳೆ ಜೋಡಿಸಲು ಹೋದ. ಇದನ್ನು ಓದುವ ಕನ್ನಡಿಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ; ಪುಸ್ತಕಕ್ಕೆ ಕಾಲು ತಾಗಿದರೆ ನಿಮ್ಮ ಕೈ ಏನು ಮಾಡುತ್ತದೆಂದು ನಿಮಗೆ ಗೊತ್ತಿದೆ. ಕಂಪ್ಯೂಟರ್ ಬಂತು, ಪ್ರೆಸ್ಸು ಮುಚ್ಚಿತು, ಅಪ್ಪ ತೀರಿಕೊಂಡ. ಹೆಂಡತಿ ಶೈಲಶ್ರೀ ನರ್ಸಾಗಿದ್ದುದರಿಂದ ಆಸ್ಟ್ರೇಲಿಯಾಕ್ಕೆ ವೀಸಾ ಸಿಕ್ಕಿತು. ಎರಡು ಸಾವಿರದ ಒಂದರಲ್ಲಿ ಅವಳ ಬೆನ್ನು ಹಿಡಿದು ಅವನೂ, ಹತ್ತು ವರ್ಷದ ಮಗಳು ಗಾನವಿಯೂ ಬಂದರು.

ಎರಡು ಸಾವಿರದ ಏಳರ ಚಳಿಗಾಲ ಶುರುವಾಗುವ ಹೊತ್ತಿಗೆ, ಅಲ್ಲಿ ಅದು ಜೂನ್, ಇಂಗ್ಲೆಂಡಿನಿಂದ ಒಂದು ಪ್ರದರ್ಶನ ಬಂತು. ಕಲಾವಿದೆಯ ಹೆಸರು ಫೆಲಿಸಿಟಿ ಹಾರ್ಡ್‌ವಿಕ್. ಪೆಟ್ಟಿಗೆಗಳನ್ನು ಒಡೆದಾಗ ಚಿತ್ರವೂ ಇಲ್ಲ, ಮೂರ್ತಿಯೂ ಇಲ್ಲ, ಬರೀ ಕಾಗದ. ಇರಾಕಿನ ಯುದ್ಧಕ್ಕೆ ಮೊದಲು ಲಂಡನ್ನಿನ ಪಾರ್ಲಿಮೆಂಟಿನಲ್ಲಿ ನಡೆದ ಚರ್ಚೆಯ ಮಾತುಗಳನ್ನೆಲ್ಲ ಅವಳು ದಪ್ಪ ಕಾಗದದ ಹಾಳೆಗಳ ಮೇಲೆ ಅಚ್ಚು ಮಾಡಿಸಿದ್ದಳು. ಆ ಹಾಳೆಗಳನ್ನು ಎರಡು ಕೋಣೆಗಳ ನೆಲಕ್ಕೆ ಒತ್ತೊತ್ತಾಗಿ ಅಂಟಿಸಿದರು. ಬಾಗಿಲಲ್ಲಿ ಒಂದು ಫಲಕ: 'ದಯವಿಟ್ಟು ಇದರ ಮೇಲೆ ನಡೆಯಿರಿ.' ಮೂರು ತಿಂಗಳು ಜನ ತುಳಿದು ತುಳಿದು ಅಕ್ಷರಗಳು ಅಳಿಸಿಹೋಗಬೇಕು, ಅಳಿಸಿಹೋದಾಗಲೇ ಕೃತಿ ಪೂರ್ಣವಾದಂತೆ.

"ಅಟೆಂಡೆಂಟುಗಳು ಮೊದಲು ನಡೆಯಬೇಕು" ಎಂದು ಗ್ಲೆನಿಸ್ ಬೆಳಗಿನ ಸಭೆಯಲ್ಲಿ ಹೇಳಿದಳು. "ನೀವು ನಡೆದರೆ ಜನಕ್ಕೆ ಧೈರ್ಯ ಬರುತ್ತದೆ."

ಎಲ್ಲರೂ ತಲೆಯಾಡಿಸಿದರು, ಶಿವಲಿಂಗಪ್ಪನೂ ಆಡಿಸಿದ. ಆಮೇಲೆ ಮೊದಲ ಕೋಣೆಗೆ ಹೋಗಿ ಹೊಸ್ತಿಲಲ್ಲಿ ನಿಂತ. ಎರಡೂವರೆ ಅಡಿ ಅಗಲದ ಹಾಳೆಗಳು, ಬಿಳಿಯೆಂದರೆ ಬಿಳಿ, ಮಸಿಯ ವಾಸನೆ ಇನ್ನೂ ಇತ್ತು. ಎಷ್ಟೋ ವರ್ಷದ ಮೇಲೆ ಆ ವಾಸನೆ ಅವನ ಮೂಗಿಗೆ ಬಿದ್ದಿತ್ತು. ಗೋಡೆಯ ಬುಡದಲ್ಲಿ ಕಾಗದ ಮುಟ್ಟದ ಒಂದು ಗೇಣು ಮರದ ನೆಲ ಉಳಿದಿತ್ತು. ಅವನು ಅದರ ಮೇಲೆ ಪಾದವನ್ನು ಅಡ್ಡಡ್ಡ ಇಡುತ್ತ ತನ್ನ ಜಾಗಕ್ಕೆ ಹೋಗಿ ನಿಂತ.

ಅವನು ಹಟ ಹಿಡಿದವನಲ್ಲ. ನಾಳೆ ನಡೆದರಾಯಿತು ಎಂದುಕೊಂಡಿದ್ದ. ಆದರೆ ನಾಳೆಯೂ ಕಾಲು ಗೋಡೆಯ ಬುಡಕ್ಕೇ ಹೋಯಿತು, ನಾಡಿದ್ದೂ ಹೋಯಿತು. ಫಲಕ ಏನೇ ಹೇಳಲಿ, ಕಾವಲಿನವನೇ ಗೋಡೆಗುಂಟ ನಡೆಯುತ್ತಿದ್ದರೆ ಬಂದವರು ನಡುವೆ ನಡೆಯುತ್ತಾರೆಯೇ? ಅವರೂ ಅವನ ಹಿಂದೆ ಗೋಡೆ ಹಿಡಿದರು. ಕೆಲವರಂತೂ ಬೆಕ್ಕಿನಂತೆ ತುದಿಗಾಲಲ್ಲಿ ನಡೆದು, ಅವನಿಗೆ ಥ್ಯಾಂಕ್ಸ್ ಹೇಳಿ ಹೋದರು. ಇಡೀ ದಿನ ನಿಂತವನಿಗೆ ಓದದೆ ಬೇರೆ ಏನಿದೆ? ಅವನು ಹಾಳೆಗಳನ್ನು ಓದಿದ. ಮಾನ್ಯ ಸದಸ್ಯರು ಎದ್ದರು, ಕೂತರು, ಹೌದೆಂದರು, ಇಲ್ಲವೆಂದರು. ಎರಡು ಕಡೆ ಅಚ್ಚಿನ ತಪ್ಪು ಸಿಕ್ಕಿತು, ಯಾರಿಗೂ ಹೇಳಲಿಲ್ಲ. ಇಂಗ್ಲೆಂಡನ್ನು ಆ ಯುದ್ಧಕ್ಕೆ ಇಳಿಸಿದ ಬ್ಲೇರ್ ಪ್ರಧಾನಿ ಪಟ್ಟದಿಂದ ಇಳಿದ ವಾರವಂತೂ ಜನ ಜಾತ್ರೆಯಂತೆ ಬಂದರು, ಪಕ್ಕದ ಕೋಣೆಯಲ್ಲಿ ಒಬ್ಬಳು ಮುದುಕಿ ಕುಣಿದೂ ಹೋದಳಂತೆ. ಆ ಕೋಣೆಯ ಹಾಳೆಗಳು ಬೂದಿಬಣ್ಣಕ್ಕೆ ತಿರುಗಿ ಅಂಚು ಕಿತ್ತುಬಂದಿದ್ದವು. ಇವನ ಕೋಣೆಯವು ನಿನ್ನೆ ಅಚ್ಚಾದಂತೆ ಇದ್ದವು.

ಜುಲೈಯಲ್ಲಿ ಗಾನವಿ ತನ್ನ ಶಾಲೆಯವರ ಜೊತೆ ಬಂದಳು. ಅವಳಿಗೀಗ ಹದಿನಾರು. ಹನ್ನೆರಡರ ವಯಸ್ಸಿನಲ್ಲಿ ಗೆಳತಿಯ ತಾಯಿಯ ಜೊತೆ ಯುದ್ಧ ಬೇಡವೆಂಬ ಮೆರವಣಿಗೆಗೆ ಹೋಗಿ ಬಂದವಳು. ಅಪ್ಪನಿರುವ ಕೋಣೆಗೆ ಬಂದು, ಗೆಳತಿಯರ ಎದುರಿಗೇ ನಡುಮಧ್ಯಕ್ಕೆ ನಡೆದು ಎರಡೂ ಕಾಲು ಊರಿ ನಿಂತಳು.

"ಡ್ಯಾಡ್, ಯು ಆರ್ ಸಪೋಸ್ಡ್ ಟು ವಾಕ್ ಆನ್ ಇಟ್."

"ಗೊತ್ತೈತಿ ನಂಗ."

"ದೆ ಲೈಡ್. ಪೀಪಲ್ ಡೈಡ್. ದಟ್ಸ್ ದ ಪಾಯಿಂಟ್."

"ಸುಳ್ಳು ಹೇಳಿದ್ದು ಬಾಯಿ ಅವ್ವಾ. ಅಕ್ಷರ ಏನ್ ಮಾಡ್ಯಾವ?" ಎಂದ ಶಿವಲಿಂಗಪ್ಪ, ಯಾರಿಗೂ ಕೇಳದಷ್ಟು ಮೆಲ್ಲಗೆ.

ಅವಳು ಕಣ್ಣು ಹೊರಳಿಸಿ ಮುಂದಿನ ಕೋಣೆಗೆ ಹೋದಳು. ಅವಳು ಹೇಳಿದ್ದರಲ್ಲಿ ಸುಳ್ಳಿಲ್ಲ ಎಂದು ಅವನಿಗೂ ಗೊತ್ತಿತ್ತು. ಮೂರು ಸಲ ಓದಿದ್ದ ಆ ಮಾತುಗಳನ್ನು. ಅವುಗಳ ಮೇಲೆ ಅವನಿಗೆ ಮಗಳಿಗಿಂತ ಹೆಚ್ಚು ಸಿಟ್ಟಿತ್ತು. ಆದರೂ ಕಾಲು ಒಪ್ಪದಿದ್ದರೆ ಏನು ಮಾಡುವುದು?

ಮರುವಾರ ಗ್ಲೆನಿಸ್ ಅವನನ್ನು ತನ್ನ ಆಫೀಸಿಗೆ ಕರೆದಳು. ಅವಳು ಕೆಟ್ಟ ಹೆಂಗಸಲ್ಲ, ಅವಳಿಗೂ ಮೇಲೆ ಯಾರೋ ಇದ್ದರು. ಸೂಚನೆ ಪಾಲಿಸುತ್ತಿಲ್ಲ ಎಂದು ಫೈಲಿನಲ್ಲಿ ಬರೆಯಬೇಕಾಗುತ್ತದೆ, ಬರೆದರೆ ನವೆಂಬರಿನಲ್ಲಿ ಸಂದರ್ಶನದವರು ಅದನ್ನು ಓದುತ್ತಾರೆ ಎಂದಳು. "ಅದು ಬರೀ ಪೇಪರ್, ಶಿವ" ಎಂದಳು. ಶಿವಲಿಂಗಪ್ಪನಿಗೆ ನೀಲಿ ಕುರ್ಚಿ ಕಣ್ಣ ಮುಂದೆ ಬಂತು. ನಾಳೆಯಿಂದ ನಡೆಯುತ್ತೇನೆ ಎಂದ.

ಮರುದಿನ ಗ್ಯಾಲರಿ ತೆರೆಯುವ ಮೊದಲು ಅವನು ಹೊಸ್ತಿಲಲ್ಲಿ ಬಗ್ಗಿದ. ಮೊದಲ ಹಾಳೆಯನ್ನು ಬಲಗೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಇದೊಂದರಲ್ಲಿ ದಿನದ್ದೆಲ್ಲ ಮುಗಿಯಲಿ, ಎಲ್ಲಕ್ಕೂ ಸೇರಿಸಿ ಒಂದು ಎಂದು ಮನಸ್ಸಿನಲ್ಲೇ ಒಪ್ಪಂದ ಮಾಡಿಕೊಂಡು ಎರಡು ಹೆಜ್ಜೆ ಇಟ್ಟ. ಮೂರನೆಯ ಹೆಜ್ಜೆಗೆ ಕೈ ತಾನಾಗಿ ಮತ್ತೆ ಕೆಳಗೆ ಹೋಯಿತು. ಐದನೆಯದಕ್ಕೂ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಅವನಿಗೆ ಸೊಂಟ ಹಿಡಿದುಕೊಂಡಿತು. ಬಂದ ಜನ ಈ ಕರಿ ಅಂಗಿಯ ಮನುಷ್ಯ ಹೆಜ್ಜೆಗೊಮ್ಮೆ ಬಗ್ಗಿ ನೆಲ ಮುಟ್ಟಿ ಕಣ್ಣು ಮುಟ್ಟುವುದನ್ನು ನೋಡಿ, ಇದೂ ಕಲೆಯಿರಬೇಕು ಎಂದು ಸುತ್ತ ನಿಂತರು. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಮತ್ತೆ ಗೋಡೆ ಹಿಡಿದ.

ಆಗಸ್ಟಿನ ಮೊದಲ ವಾರ ಫೆಲಿಸಿಟಿ ಹಾರ್ಡ್‌ವಿಕ್ ತಾನೇ ಬಂದಳು. ಐವತ್ತರ ಆಸುಪಾಸಿನ, ಬೆಳ್ಳಗೆ ಸಣ್ಣಗೆ ಇದ್ದ ಹೆಂಗಸು, ಕಣ್ಣ ಕೆಳಗೆ ಕಪ್ಪು. ಎರಡನೆಯ ಕೋಣೆ ನೋಡಿ ತೃಪ್ತಿಯಿಂದ ತಲೆಯಾಡಿಸಿ ಮೊದಲನೆಯದಕ್ಕೆ ಬಂದವಳು ಬೆಳ್ಳಗಿದ್ದ ನೆಲ ಕಂಡು ನಿಂತುಬಿಟ್ಟಳು. ಗ್ಲೆನಿಸಳ ಮುಖ ಕೆಂಪಾಯಿತು. ಏನೇನೋ ಸಮಜಾಯಿಷಿ ಹೇಳತೊಡಗಿದಳು. ಫೆಲಿಸಿಟಿ ಕೈಯೆತ್ತಿ ಅವಳನ್ನು ಸುಮ್ಮನಾಗಿಸಿ, ಶಿವಲಿಂಗಪ್ಪನ ಹತ್ತಿರ ಬಂದು, "ಯಾಕೆ?" ಎಂದು ಕೇಳಿದಳು.

ಆ ದೇಶಕ್ಕೆ ಬಂದ ಮೇಲೆ ಶಿವಲಿಂಗಪ್ಪ ತನ್ನ ಬಗ್ಗೆ ಎಷ್ಟು ಸಲ ವಿವರಣೆ ಕೊಟ್ಟಿದ್ದನೋ ಲೆಕ್ಕವಿಲ್ಲ. ಯಾಕೆ ಮಾಂಸ ತಿನ್ನುವುದಿಲ್ಲ, ಕೊರಳಲ್ಲಿರುವ ಕರಡಿಗೆಯಲ್ಲಿ ಏನಿದೆ, ಹೆಸರಿಗೆ ಅರ್ಥವೇನು. ಇನ್ನೊಂದಕ್ಕೆ ಅವನಲ್ಲಿ ತ್ರಾಣವಿರಲಿಲ್ಲ. ಆದರೆ ಈ ಹೆಂಗಸು ನಿಜವಾಗಿ ಕಾಯುತ್ತ ನಿಂತಿದ್ದಳು. ಅಪ್ಪನ ಮಾತು, ಪುಢಾರಿಯ ಕರಪತ್ರ, ಸೀಸದ ಮೊಳೆ, ಹಾಳೆಗಳನ್ನು ತಾನು ಮೂರು ಸಲ ಓದಿದ್ದು, ಎಲ್ಲವನ್ನೂ ತನ್ನ ಇಂಗ್ಲಿಷಿನಲ್ಲಿ ಹೇಳಿದ. ಹೇಳಿ ಮುಗಿಸುವಾಗ ಅವಳ ಕಣ್ಣಲ್ಲಿ ನೀರಿತ್ತು.

"ನಾನೂ ಮೆರವಣಿಗೆಯಲ್ಲಿ ನಡೆದಿದ್ದೆ" ಎಂದಳು. "ಲಂಡನ್ನಿನಲ್ಲಿ ಹತ್ತು ಲಕ್ಷ ಜನ ನಡೆದೆವು, ಯಾರೂ ಕೇಳಲಿಲ್ಲ. ನಮ್ಮಪ್ಪ ನಲವತ್ತು ವರ್ಷ ಬ್ಲೇರ್‌ನ ಪಕ್ಷದ ಸದಸ್ಯ. ಆ ವರ್ಷ ಕಾರ್ಡು ಹರಿದು ಒಲೆಗೆ ಹಾಕಿದ, ಮತ್ತೆ ಪೇಪರ್ ಓದಲಿಲ್ಲ. ಅದಕ್ಕೇ ನಾನು ಇದನ್ನು ಮಾಡಿದೆ. ಎಲ್ಲರೂ ತುಳಿದರು. ನೀನೊಬ್ಬನೇ ಓದಿದೆ."

ಒಬ್ಬರ ಆಯಾಸ ಇನ್ನೊಬ್ಬರಿಗೆ ಕಾಣುತ್ತದೆ. ಅಷ್ಟಕ್ಕೇ ಅದು ಮುಗಿದಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ.

ಎರಡು ದಿನ ಬಿಟ್ಟು ಗ್ಲೆನಿಸ್ ಮತ್ತೆ ಕರೆದಳು. ಈ ಸಲ ಅವಳ ಮುಖ ಅರಳಿತ್ತು. ಅಕ್ಟೋಬರ್ ಕೊನೆಗೆ ಪ್ರದರ್ಶನ ಸಿಡ್ನಿಗೆ ಹೋಗುತ್ತದೆ, ಹೊಸ ಹಾಳೆಗಳು ಬರುತ್ತವೆ, ಮೊದಲ ಹತ್ತು ದಿನ ಶಿವ ಅಲ್ಲಿರಬೇಕೆಂದು ಫೆಲಿಸಿಟಿ ಕೇಳಿದ್ದಾಳೆ. ಕೆಲಸ ಇಷ್ಟೇ: ಕಾಲು ಗಂಟೆಗೊಮ್ಮೆ ಹಾಳೆಯ ಮೇಲೆ ಕಾಲಿಡುವುದು, ಬಗ್ಗುವುದು, ಮುಟ್ಟುವುದು, ಕಣ್ಣಿಗೆ ಒತ್ತಿಕೊಳ್ಳುವುದು. "ನೀನೇ ಈಗ ಕೃತಿಯ ಭಾಗ" ಎಂದಳು. "ಒಪ್ಪಿಕೋ. ಫೈಲಿನಲ್ಲಿ ಬರೆದದ್ದನ್ನು ತೆಗೆದುಹಾಕುತ್ತೇನೆ. ಸಂದರ್ಶನದ ಹೊತ್ತಿಗೆ ನಿನ್ನ ಹೆಸರಿನ ಜೊತೆ ಇದಿದ್ದರೆ ಆ ಕೌಂಟರಿಗೆ ಬೇರೆ ಯಾರನ್ನೂ ಅವರು ನೋಡುವುದಿಲ್ಲ."

ಶಿವಲಿಂಗಪ್ಪ ಮನೆಗೆ ಬಂದು ಶೈಲಶ್ರೀಯ ಮುಂದೆ ಹೇಳಿದ. ಅವಳು ವೆರಿಬೀಯ ವೃದ್ಧಾಶ್ರಮವೊಂದರಲ್ಲಿ ಶಿಫ್ಟ್ ಮುಗಿಸಿ ಆಗಷ್ಟೇ ಬಂದು, ಕಾಲನ್ನು ಬಿಸಿನೀರಿನ ಬಕೆಟ್‌ನಲ್ಲಿ ಇಟ್ಟುಕೊಂಡು ಕೂತಿದ್ದಳು.

"ಬ್ಯಾಡ ಅನಸ್ತೈತಿ" ಎಂದ.

"ಯಾಕ್ರಿ?"

"ಅದು ಮಾಡೂದಲ್ಲ, ಆಗೂದು. ಮಾಡಿ ತೋರ್ಸು ಅಂದ್ರ ಹೆಂಗ?"

ಶೈಲಶ್ರೀ ಬಕೆಟ್‌ನಿಂದ ಒಂದು ಕಾಲು ತೆಗೆದು ಒರೆಸಿಕೊಂಡಳು. ಆಮೇಲೆ, "ನೋಡ್ರಿ, ನಾ ದಿನಾ ಇಪ್ಪತ್ತು ಮುದುಕರಿಗೆ ಗುಡ್ ಮಾರ್ನಿಂಗ್ ಡಾರ್ಲಿಂಗ್ ಅಂತೀನಿ. ಎಲ್ಲಾ ಸಲಾನೂ ಮನಸಿಂದ ಬರ್ತೈತೇನು? ಹತ್ತ ದಿನ. ಕಣ್ಣ ಮುಚ್ಚಿ ಮುಗಿಸಿ ಬರ್ರಿ. ನಿಮ್ಮ ಮಂಡಿ ನೋಡಾಕ ಆಗವಲ್ದು ನಂಗ" ಎಂದಳು.

ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅಪ್ಪನಿಂದ ಬಂದದ್ದರಲ್ಲಿ ಹೊಲವಿಲ್ಲ, ಮನೆಯಿಲ್ಲ, ಕೈಗೆ ಅಂಟಿಕೊಂಡ ಇದೊಂದೇ ಉಳಿದದ್ದು ಎಂದು ಅವನಿಗೆ ಅನ್ನಿಸಿತು. ಅದನ್ನು ಬಾಯಿ ಬಿಟ್ಟು ಹೇಳಲು ನಾಚಿಕೆಯಾಯಿತು. ಕುರ್ಚಿ ಬೇಕು, ಇದೂ ಹೋಗಬಾರದು. ಹತ್ತು ದಿನದಲ್ಲಿ ಹೋಗುವಂಥದ್ದೇನು ಎಂದು ಸಮಾಧಾನ ಮಾಡಿಕೊಂಡು ಹೂಂ ಎಂದ.

ಸಿಡ್ನಿಯಲ್ಲಿ ಅವನು ಇಳಿದುಕೊಂಡದ್ದು ರೌಸ್ ಹಿಲ್‌ನಲ್ಲಿ, ಶೈಲಶ್ರೀಯ ತಮ್ಮ ಶಶಿಧರನ ಮನೆಯಲ್ಲಿ. ಐಟಿ ಕೆಲಸದ ಶಶಿಧರ ಹೊಸ ಸಬರ್ಬಿನಲ್ಲಿ ಹೊಸ ಮನೆ ಕಟ್ಟಿಸಿ ಮಾರ್ಟ್‌ಗೇಜಿನ ಕೆಳಗೆ ಉಸಿರಾಡುತ್ತಿದ್ದ. ಊರಿನಿಂದ ಆರು ತಿಂಗಳಿಗೆಂದು ಬಂದ ಅವನ ತಾಯಿ ಚನ್ನಬಸವ್ವ, ಎಂದರೆ ಶಿವಲಿಂಗಪ್ಪನ ಅತ್ತೆ, ಅಲ್ಲಿಯೇ ಇದ್ದಳು. ಬೆಳಿಗ್ಗೆ ಬಸ್ಸು ಹಿಡಿದು ನಗರಕ್ಕೆ ಹೋಗುವುದು, ಸಂಜೆ ಅದೇ ಬಸ್ಸಿನಲ್ಲಿ ತೂಕಡಿಸುತ್ತ ಬರುವುದು.

ಮೊದಲ ದಿನ ಫೆಲಿಸಿಟಿ ಅವನಿಗೆ ತಾಲೀಮು ಕೊಟ್ಟಳು. ಬಲಗಾಲು ಮೊದಲು, ಹಾಳೆಯ ನಡುವೆ, ಎಲ್ಲರಿಗೂ ಕಾಣುವ ಹಾಗೆ. ಆಮೇಲೆ ನಿಲ್ಲು. ಬಗ್ಗು. "ತುಂಬ ಬೇಗ ಆಯಿತು" ಎಂದಳು. "ಹಿಂದೆ ನಿಂತವರಿಗೆ ಏನಾಯಿತೆಂದೇ ಗೊತ್ತಾಗುವುದಿಲ್ಲ. ಕೈ ಕಣ್ಣಿನ ಹತ್ತಿರ ಇರುವಾಗ ಮೂರು ಎಣಿಸು. ಒಂದು, ಎರಡು, ಮೂರು. ಆಮೇಲೆ ತೆಗೆ."

ಮೂರು ಎಣಿಸುವುದೇನು ದೊಡ್ಡದು? ಆದರೆ ಕೈ ಕಣ್ಣು ಮುಟ್ಟಿದ ಮೇಲೆ ಅಲ್ಲಿ ಮಾಡುವುದೇನೂ ಇರುವುದಿಲ್ಲ. ಅದಕ್ಕೇ ಅದು ಬೇಗ ಮುಗಿಯುತ್ತದೆ. ಖಾಲಿ ಜಾಗದಲ್ಲಿ ಎಣಿಸುತ್ತ ನಿಲ್ಲುವುದನ್ನು ಅವನು ಕಲಿಯಬೇಕಾಯಿತು. ಮಧ್ಯಾಹ್ನದ ಹೊತ್ತಿಗೆ ಕಲಿತ. ಉದ್ಘಾಟನೆಗೆ ಬ್ರಿಟಿಷ್ ಕಾನ್ಸುಲೇಟಿನವರು ಎಂದು ಯಾರೋ ಬಂದರು, ಕೈಯಲ್ಲಿ ವೈನ್ ಹಿಡಿದವರು ಸುತ್ತ ನಿಂತರು, ಕ್ಯಾಮೆರಾಗಳು ಮಿನುಗಿದವು. ಪತ್ರಿಕೆಯೊಂದರಲ್ಲಿ ಅವನ ಫೋಟೋ ಬಂತು, ಕೆಳಗೆ 'ವಲಸಿಗನ ಮೌನ ಪ್ರತಿಭಟನೆ' ಎಂದು ಬರೆದಿದ್ದರು. ಯಾರ ಮೇಲೆ ಪ್ರತಿಭಟಿಸುತ್ತಿದ್ದೇನೆಂದು ಶಿವಲಿಂಗಪ್ಪನಿಗೆ ತಿಳಿಯಲಿಲ್ಲ. ಶಶಿಧರ ಆ ಪುಟವನ್ನು ಸ್ಕ್ಯಾನ್ ಮಾಡಿ ಹುಬ್ಬಳ್ಳಿಯ ಬಂಧುಬಳಗಕ್ಕೆಲ್ಲ ಈಮೇಲ್ ಮಾಡಿದ. "ಭಾವ, ನೀವು ಫುಲ್ ಫೇಮಸ್ ಆಗ್ಬಿಟ್ರಿ" ಎಂದ.

ನಾಲ್ಕನೆಯ ದಿನಕ್ಕೆ ಅವನಿಗೆ ಬೇಸರ ಬಂತು, ಆರನೆಯ ದಿನಕ್ಕೆ ಬೇಸರವೂ ಹೋಯಿತು. ಗೋಡೆಯ ಗಡಿಯಾರ ನೋಡುವುದು, ಕಾಲಿಡುವುದು, ಬಗ್ಗುವುದು, ಎಣಿಸುವುದು. ಎಣಿಸುವಾಗ ರಾತ್ರಿಯ ಊಟಕ್ಕೆ ಏನಿರಬಹುದು, ಬಸ್ಸು ಸಿಗುತ್ತದೋ ಇಲ್ಲವೋ ಎಂದು ಯೋಚನೆ. ಹಾಳೆಗಳನ್ನು ಓದುವುದನ್ನೂ ಬಿಟ್ಟಿದ್ದ. ಚಹಾದ ಬಿಡುವಿನಲ್ಲಿ ಒಮ್ಮೆ ಫೆಲಿಸಿಟಿ ಕೇಳಿದಳು, "ಅದನ್ನು ಮಾಡುವಾಗ ನಿನ್ನ ಮನಸ್ಸಿನಲ್ಲಿ ಏನಿರುತ್ತದೆ?"

"ಮೊದಲು ಏನೂ ಇರುತ್ತಿರಲಿಲ್ಲ" ಎಂದ ಶಿವಲಿಂಗಪ್ಪ. "ಈಗ ಬಹಳ ಇರುತ್ತದೆ."

ಅದನ್ನು ಅವಳು ಹೊಗಳಿಕೆಯೆಂದು ತಿಳಿದು ನಕ್ಕಳು. ಅವನು ತಿದ್ದಲು ಹೋಗಲಿಲ್ಲ.

ಭಾನುವಾರ ಶಶಿಧರ ತನ್ನ ತಾಯಿಯನ್ನು ಕರೆದುಕೊಂಡು ಬಂದ. ಚನ್ನಬಸವ್ವ ಇಳಕಲ್ ಸೀರೆಯುಟ್ಟು, ಮೇಲೊಂದು ಸ್ವೆಟರ್ ಹಾಕಿಕೊಂಡು, ಬಾಗಿಲಲ್ಲೇ ಚಪ್ಪಲಿ ಬಿಟ್ಟಳು. ಒಳಗೆ ಕಾಲಿಡಲಿಲ್ಲ. ಹೊಸ್ತಿಲಾಚೆ ನಿಂತು ಅಳಿಯ ಮಾಡುವುದನ್ನು ನೋಡಿದಳು. ಜನ ಫೋಟೋ ತೆಗೆದರು, ಅವನು ಎಣಿಸಿ ಕೈ ತೆಗೆದ. ಕಾಲು ಗಂಟೆ ಕಳೆದು ಮತ್ತೆ ಮಾಡಿದ, ಅವಳು ಮತ್ತೆ ನೋಡಿದಳು. ಬಿಡುವಿನಲ್ಲಿ ಅವನು ಹತ್ತಿರ ಬಂದಾಗ, "ಭಾಳ ಚೊಲೊ ಮಾಡ್ತೀರಿ ಅಂತ ಮಂದಿ ಅನ್ನಾಕತ್ತಾರ" ಎಂದಳು. ಆಮೇಲೆ ನಿಜವಾಗಿಯೂ ಗೊತ್ತಾಗದವಳ ಹಾಗೆ ಕೇಳಿದಳು:

"ಒಂದ್ ಮಾತ್ ಕೇಳತೀನ್ರಿ, ಸಿಟ್ಟಾಗಬ್ಯಾಡ್ರಿ. ನಮಸ್ಕಾರ ಮಾಡ್ಬೇಕಂತ ಮೊದ್ಲ ಬೇಕಂತನ ತುಳೀತೀರೇನು?"

ಶಶಿಧರ, "ಅವ್ವಾ, ಇದು ಆರ್ಟ್. ನಿಂಗೆ ಗೊತ್ತಾಗಲ್ಲ, ಸುಮ್ನಿರು" ಎಂದ. ಶಿವಲಿಂಗಪ್ಪ ತನ್ನ ಬೂಟು ನೋಡಿಕೊಂಡ. ಮುಖಕ್ಕೆ ರಕ್ತ ನುಗ್ಗಿತು. ಮೆಲ್ಬರ್ನ್‌ನಲ್ಲಿ ಮೂರು ತಿಂಗಳು ತುಳಿಯಲಾರದೆ ಕುರ್ಚಿ ಕಳೆದುಕೊಳ್ಳುವ ಅಂಚಿಗೆ ಹೋಗಿದ್ದ ಮನುಷ್ಯ, ಇಲ್ಲಿ ದಿನಕ್ಕೆ ಇಪ್ಪತ್ತೆಂಟು ಸಲ ಬೂಟುಗಾಲನ್ನು ಅಕ್ಷರದ ಮೇಲೆ ತಾನೇ ಒಯ್ದು ಇಡುತ್ತಿದ್ದ. ಅದನ್ನು ಗ್ಲೆನಿಸ್ ಕಾಣಲಿಲ್ಲ, ಶೈಲಶ್ರೀ ಕಾಣಲಿಲ್ಲ, ಅವನೂ ಕಂಡಿರಲಿಲ್ಲ. ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ಆಗಲೇ ಹೊರಟುಬಿಡಬಹುದಿತ್ತು. ಇನ್ನು ಉಳಿದದ್ದು ಮೂರೇ ದಿನ, ಸಂದರ್ಶನ ಮೂರು ವಾರದಲ್ಲಿ. ಗಡಿಯಾರ ನೋಡಿಕೊಂಡು ಅವನು ತನ್ನ ಜಾಗಕ್ಕೆ ಮರಳಿದ. ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಐವತ್ತನಾಲ್ಕು ವರ್ಷದ ಮಂಡಿಗಳನ್ನು ಹೊತ್ತವರಿಗೆ ಕುರ್ಚಿಯ ಬೆಲೆ ಗೊತ್ತು.

ಸಂದರ್ಶನದಲ್ಲಿ ಮೂವರು ಕೂತಿದ್ದರು. ಮೇಜಿನ ಮೇಲೆ ಸಿಡ್ನಿಯ ಪತ್ರಿಕೆಯ ಪುಟವಿತ್ತು. ಅವರು ಕೋಟು ಚೀಲದ ಬಗ್ಗೆ ಒಂದೇ ಪ್ರಶ್ನೆ ಕೇಳಿ, ಉಳಿದ ಹೊತ್ತು ಫೋಟೋ ಬಗ್ಗೆ ಮಾತಾಡಿದರು. ಡಿಸೆಂಬರ್ ಮೂರನೆಯ ವಾರ ಇಟಲಿಯ ಮುದುಕ ಅವನ ಕೈ ಕುಲುಕಿ, ಕುರ್ಚಿಯ ಎತ್ತರ ಸರಿಮಾಡುವ ಹಿಡಿಕೆ ಎಲ್ಲಿದೆಯೆಂದು ತೋರಿಸಿ ಹೋದ. ಶಿವಲಿಂಗಪ್ಪ ಕೂತ. ಮೊದಲ ದಿನ ಸಂಜೆಯವರೆಗೆ ಎದ್ದೇಳಲೇ ಇಲ್ಲ, ಬಚ್ಚಲಿಗೂ ಹೋಗಲಿಲ್ಲ. ಶೈಲಶ್ರೀ ಅವತ್ತು ಹೋಳಿಗೆ ಮಾಡಿದ್ದಳು. ಗಾನವಿ, "ಪ್ರೌಡ್ ಆಫ್ ಯು, ಡ್ಯಾಡ್" ಎಂದು ತಬ್ಬಿಕೊಂಡಳು. ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು.

ಫೆಬ್ರವರಿಯ ಒಂದು ಶನಿವಾರ ಅವನಿಗೆ ರಜೆ. ಶೈಲಶ್ರೀ ಶಿಫ್ಟಿಗೆ ಹೋಗಿದ್ದಳು, ಗಾನವಿ ಗೆಳತಿಯ ಮನೆಗೆ. ಅಲ್ಲಿ ಶಾಲೆ ಶುರುವಾಗುವುದೇ ಆಗ, ಅವಳಿಗೆ ಅದು ಕೊನೆಯ ವರ್ಷ; ಹೊಸ ಪುಸ್ತಕಗಳೆಲ್ಲ ಹಾಲಿನ ಕಾರ್ಪೆಟ್ ಮೇಲೆ ಹರಡಿಕೊಂಡಿದ್ದವು. ಶಿವಲಿಂಗಪ್ಪ ಒಗೆದ ಬಟ್ಟೆಯ ಬುಟ್ಟಿ ಹಿಡಿದು ಹಿತ್ತಲಿಗೆ ಹೊರಟವನು, ಬುಟ್ಟಿಯ ಮರೆಯಲ್ಲಿ ಕಾಣದೆ ಇತಿಹಾಸದ ಪುಸ್ತಕವೊಂದನ್ನು ಮೆಟ್ಟಿದ. ಬರಿಗಾಲಿಗೆ ರಟ್ಟು ತಣ್ಣಗೆ ತಾಗಿತು.

ಬುಟ್ಟಿ ಕೆಳಗಿಟ್ಟ. ಬಗ್ಗಿದ. ಮುಟ್ಟಿದ. ಕೈ ಕಣ್ಣಿಗೆ ಹೋಯಿತು.

ಒಂದು. ಎರಡು. ಮೂರು.

ಮನೆಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಕೈಯನ್ನು ಕಣ್ಣಿನಿಂದ ತೆಗೆದು ಅವನು ಅದನ್ನೇ ನೋಡಿದ. ಯಾರಿಗಾಗಿ ಎಣಿಸಿದೆ ಎಂದು ತನ್ನನ್ನೇ ಕೇಳಿಕೊಂಡ. ಮತ್ತೊಮ್ಮೆ ಬಗ್ಗಿ ಪುಸ್ತಕ ಮುಟ್ಟಿ, ಬೇಗನೆ, ಅಪ್ಪ ಮಾಡುತ್ತಿದ್ದ ಹಾಗೆ, ಕಣ್ಣಿಗೆ ಒತ್ತಿಕೊಂಡ. ಅದೂ ಸರಿಬರಲಿಲ್ಲ. ಈಗ ಬೇಗ ಮಾಡಬೇಕೆಂದು ಮಾಡಿದ್ದಾಗಿತ್ತು. ಗೊತ್ತಿಲ್ಲದೆ ಕಾಲು ತಾಗಿದರಷ್ಟೇ ಅದೂ ಗೊತ್ತಿಲ್ಲದೆ ಬರುತ್ತದೆ. ಮತ್ತೆ ಮೊದಲಿನಿಂದ ಮಾಡಿ ನೋಡೋಣವೆಂದು ಅವನು ಬಲಗಾಲು ಎತ್ತಿದ.

ಎತ್ತಿದ ಮೇಲೆ ತಾನು ಮಗಳ ಪುಸ್ತಕವನ್ನು ಬೇಕೆಂದೇ ತುಳಿಯಹೊರಟಿದ್ದೇನೆ ಎಂದು ತಿಳಿಯಿತು. ಅಳು ಬಂತು. ಅಪ್ಪ ಸತ್ತಾಗ ಇಷ್ಟು ಅತ್ತಿರಲಿಲ್ಲ. ಕಾಲನ್ನು ಪಕ್ಕದ ಕಾರ್ಪೆಟ್ ಮೇಲೆ ಇಳಿಸಿ, ಪುಸ್ತಕಗಳನ್ನು ಒಂದೊಂದಾಗಿ ಎತ್ತಿ ಮೇಜಿನ ಮೇಲೆ, ಗೋಡೆಗೆ ತಾಗುವಷ್ಟು ಹಿಂದಕ್ಕೆ ಜೋಡಿಸಿಟ್ಟ. ಆಮೇಲೆ ಬುಟ್ಟಿ ಎತ್ತಿಕೊಂಡು ಬಟ್ಟೆ ಒಣಹಾಕಲು ಹೋದ.